ಗ್ಯಾರೇಜ್ ಕಟ್ಟೆ: ಅಡ್ಡಡ್ಡ ಓಡುವ ಕಾರುಗಳ ನಾಡಿಗೆ ಹೋಗಿ ಬಂದು

ಕಳೆದ ಸಂಚಿಕೆಯ ಕೊನೆಯಲ್ಲಿ “ಜಪಾನಿಗೆ ಹೋಗಿದ್ದೆ, ಹಾಗಾಗಿ ಈ ಸಲ ಉತ್ತರಗಳು ಕಡಿಮೆ” ಎಂದು ಒಂದು ಸಾಲು ಬರೆದಿದ್ದೆ. ಅದೇ ಎಡವಟ್ಟಾಯಿತು. ಕ್ಲಚ್ ಪ್ಲೇಟು, ಬ್ಯಾಟರಿ, ಡೀಸೆಲ್ ಹೊಗೆ ಎಂದು ಕೇಳುತ್ತಿದ್ದವರೆಲ್ಲ ಅದನ್ನು ಬದಿಗಿಟ್ಟು ಜಪಾನಿನ ಮೇಲೆಯೇ ಮುಗಿಬಿದ್ದಿದ್ದಾರೆ. ಶಿರಸಿಯಲ್ಲಿ ಮೂವತ್ತೊಂದು ವರ್ಷ ಗ್ಯಾರೇಜ್ ನಡೆಸಿದವನು ಅರವತ್ತರ ಹತ್ತಿರಕ್ಕೆ ಬಂದ ಮೇಲೆ ಹುಡುಗರ ಹಾಗೆ ಕಾರು ನೋಡಲು ವಿಮಾನ ಹತ್ತಿದ್ದು ಹಲವರಿಗೆ ಸೋಜಿಗ. ನನ್ನ ತಂಗಿಯ ಮಗ ಯೊಕೊಹಾಮಾದಲ್ಲಿ ಕೆಲಸದಲ್ಲಿದ್ದಾನೆ. “ಬನ್ನಿ ಮಾವ, ಒಳ್ಳೊಳ್ಳೆಯ ದೇವಸ್ಥಾನ ತೋರಿಸುತ್ತೇನೆ” ಎಂದು ಕರೆದ. ಹನ್ನೊಂದು ದಿನಗಳಲ್ಲಿ ಒಂದು ದೇವಸ್ಥಾನ ನೋಡಿದೆ. ಮಿಕ್ಕ ದಿನಗಳ ಲೆಕ್ಕ ಕೆಳಗಿದೆ.

ಪ್ರಶ್ನೆ: ಮೊಬೈಲಿನಲ್ಲಿ ಜಪಾನಿನ ಕಾರುಪ್ರಿಯರು ಸೇರುವ ಡೈಕೊಕು ಪಾರ್ಕಿಂಗ್ ವಿಡಿಯೊ ನೋಡಿ ನೋಡಿ ಕಣ್ಣು ಸೋತಿದೆ. ನಿಜವಾಗಿಯೂ ಹಾಗೆಯೇ ಇದೆಯೇ ಸರ್? ರೈಲಿನಲ್ಲಿ ಹೋಗಿ ನಡೆದು ತಲುಪಬಹುದೇ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಕಾರವಾರ

ನಡೆದು ಹೋಗಲು ದಾರಿಯೇ ಇಲ್ಲ ತಮ್ಮಾ. ಡೈಕೊಕು ಎಂದರೆ ಯೊಕೊಹಾಮಾ ಬಂದರಿನಲ್ಲಿ ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ದ್ವೀಪ. ಅದರ ಮೇಲೆ ಎಕ್ಸ್‌ಪ್ರೆಸ್ ಹೆದ್ದಾರಿಗಳು ಕೂಡುತ್ತವೆ. ಚಕ್ಕುಲಿ ಒತ್ತಿದ ಹಾಗೆ ಸುತ್ತಿಕೊಂಡ ಸೇತುವೆಗಳ ನಡುವೆ ಉಳಿದ ಹೊಟ್ಟೆಯೇ ಈ ಪಾರ್ಕಿಂಗ್ ಜಾಗ. ಟೋಲ್ ಕೊಟ್ಟು ಹೆದ್ದಾರಿ ಹತ್ತಿದ ವಾಹನ ಮಾತ್ರ ಅಲ್ಲಿಗೆ ಇಳಿಯಬಹುದು. ಮೂಲದಲ್ಲಿ ಅದು ಲಾರಿ ಚಾಲಕರು ಕಾಲು ಚಾಚಲಿ, ಮುಖ ತೊಳೆಯಲಿ ಎಂದು ಮಾಡಿದ ತಾಣ. ಅರಬೈಲು ಘಟ್ಟದ ಆಚೀಚೆ ಲಾರಿಗಳು ಸಾಲಾಗಿ ನಿಲ್ಲುತ್ತವಲ್ಲ, ಅದೇ ಜಾತಿಯದು. ಶೌಚಾಲಯ ಮಾತ್ರ ನಮ್ಮ ಮದುವೆ ಮಂಟಪಕ್ಕಿಂತ ಚೊಕ್ಕಟ.

ನಾವು ಹೋದದ್ದು ಶನಿವಾರ ರಾತ್ರಿ. ಬಂದು ಹತ್ತು ನಿಮಿಷ ಆಗಿತ್ತೋ ಇಲ್ಲವೋ. ಒಂದು ನಿಸ್ಸಾನ್ ಸ್ಕೈಲೈನ್ ಆರ್34 ಕಾರು, ಬಾನೆಟ್ ಎತ್ತಿ ನಿಲ್ಲಿಸಿದ ಎರಡು ಮಾಜ್ಡಾ ಆರ್‌ಎಕ್ಸ್-7, ನೆಲಕ್ಕೆ ಹೊಟ್ಟೆ ತಾಗುವಂತೆ ಇಳಿಸಿದ ಒಂದು ಪುಟ್ಟ ವ್ಯಾನು, ಇಷ್ಟು ಕಂಡಿದ್ದೆ. ಧ್ವನಿವರ್ಧಕದಲ್ಲಿ ಪೊಲೀಸರ ಮಾತು ಕೇಳಿಸಿತು. “ಜಾಗ ಮುಚ್ಚುತ್ತಾರಂತೆ ಮಾವ, ಹೊರಡಬೇಕು” ಎಂದ ಅಳಿಯ. ವಾರದ ಕೊನೆಯ ರಾತ್ರಿಗಳಲ್ಲಿ ಜನ ಹೆಚ್ಚಾದರೆ ಹೀಗೆ ಮುಚ್ಚುವುದು ಅಲ್ಲಿ ಮಾಮೂಲಿ. ನನಗೆ ಆಶ್ಚರ್ಯವಾದದ್ದು ಮುಚ್ಚಿದ್ದಕ್ಕಲ್ಲ, ಯಾರೂ ತಕರಾರು ಮಾಡದಿದ್ದುದಕ್ಕೆ. ಬಾನೆಟ್‌ಗಳು ಒಂದೊಂದಾಗಿ ಮುಚ್ಚಿದವು, ಕಾರುಗಳು ಸಾಲು ಹಿಡಿದು ಹೊರಟವು. ಒಬ್ಬನೂ ಹೋಗುವಾಗ ಎಕ್ಸಿಲರೇಟರ್ ತುಳಿದು ಸದ್ದು ಮಾಡಲಿಲ್ಲ. ಐದು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಿಂದ ಬಂದವನು ಹತ್ತು ನಿಮಿಷ ನೋಡಿ, ಯಂತ್ರದಿಂದ ಬಿಸಿ ಡಬ್ಬಿ ಕಾಫಿ ಹಿಡಿದುಕೊಂಡು ವಾಪಸು.

ಮರುದಿನ ಬೆಳಿಗ್ಗೆ ಆರೂವರೆಗೆ ಮತ್ತೆ ಹೋದೆವು. ನೀನು ಹೋಗುವುದಾದರೆ ಭಾನುವಾರದ ಬೆಳಗಿಗೇ ಹೋಗು. ರಾತ್ರಿ ಹುಡುಗರದು, ಬೆಳಿಗ್ಗೆ ಮುದುಕರದು. ಮುದುಕರ ಕಾರು ನೋಡುವುದರಲ್ಲೇ ಹೆಚ್ಚು ಕಲಿಯುವುದಿದೆ.

ಅಲ್ಲಿ ಒಂದು ‘ಹಾಕೊಸುಕಾ’ ನಿಂತಿತ್ತು. ಹಾಕೊ ಎಂದರೆ ಪೆಟ್ಟಿಗೆ, ಸುಕಾ ಎಂಬುದು ಸ್ಕೈಲೈನ್ ಹೆಸರಿನ ತುಂಡು. 1970ರ ಆಸುಪಾಸಿನ ಚೌಕಾಕಾರದ ನಿಸ್ಸಾನ್ ಸ್ಕೈಲೈನ್‌ಗೆ ಅಲ್ಲಿಯ ಜನ ಇಟ್ಟ ಮುದ್ದಿನ ಹೆಸರು. ಮಾಲೀಕರಿಗೆ ಎಪ್ಪತ್ತಾದರೂ ಆಗಿರಬೇಕು. ಕಾರು ನಿಂತಲ್ಲೇ ಎಂಜಿನ್ ಓಡುತ್ತಿತ್ತು, ಆದರೆ ಸದ್ದಿನಲ್ಲಿ ಏನೋ ಕುಂಟು. ಅವರು ಡಿಕ್ಕಿಯಿಂದ ಎರಡು ಅಡಿ ಉದ್ದದ ರಬ್ಬರ್ ನಳಿಗೆ ತೆಗೆದರು. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಎಂಜಿನ್ನಿಗೆ ಗಾಳಿ, ಪೆಟ್ರೋಲು ಬೆರೆಸಿ ಕೊಡುವ ಕಾರ್ಬುರೇಟರಿನ ಬಾಯಿಗೆ. ಆ ಎಂಜಿನ್ನಿಗೆ ಜೋಡಿಬಾಯಿಯ ಮೂರು ಕಾರ್ಬುರೇಟರ್, ಅಂದರೆ ಆರು ಸಿಲಿಂಡರಿಗೆ ಆರು ಬಾಯಿ. ಪ್ರತಿ ಬಾಯಿಯೂ ಒಂದೇ ಅಳತೆಯಲ್ಲಿ ಗಾಳಿ ಎಳೆಯಬೇಕು. ಒಂದು ಹೆಚ್ಚು ಎಳೆದರೆ, ಇನ್ನೊಂದು ಕಡಿಮೆ ಎಳೆದರೆ ಹೀಗೆ ಕುಂಟುತ್ತದೆ. ಅಳೆಯಲು ಮೀಟರುಗಳಿವೆ. ಅವರು ನಳಿಗೆಯಲ್ಲಿ ಆರೂ ಬಾಯಿಯ ‘ಸುಂಯ್’ ಸದ್ದನ್ನು ಕೇಳುತ್ತಾ, ಎಡಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕಾಲು ಸುತ್ತು, ಅರೆಕಾಲು ಸುತ್ತು ತಿರುಗಿಸುತ್ತಿದ್ದರು.

ನಾನು ಹತ್ತಿರ ಹೋಗಿ ನಿಂತೆ. ಭಾಷೆ ಬರುವುದಿಲ್ಲವಲ್ಲ, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು ಬೇರಿಂಗ್ ಸದ್ದು ಕೇಳುವ ನಮ್ಮ ಗ್ಯಾರೇಜಿನ ಭಂಗಿಯನ್ನು ಮಾಡಿ ತೋರಿಸಿದೆ. ಅವರು ನಕ್ಕು ನಳಿಗೆಯನ್ನು ನನ್ನ ಕೈಗೆ ಕೊಟ್ಟರು. ಒಂದು, ಎರಡು, ಮೂರು, ನಾಲ್ಕು ಸರಿಯಿದ್ದವು. ಐದನೆಯದು ತುಸು ಗಂಟಲು ಕಟ್ಟಿದ ಹಾಗೆ. ಐದು ಬೆರಳು ತೋರಿಸಿದೆ. ಅವರು ತಲೆಯಾಡಿಸಿ, ಎರಡು ಬೆರಳು ತೋರಿಸಿ, ನಳಿಗೆಯನ್ನು ಮತ್ತೆ ಎರಡನೆಯ ಬಾಯಿಗೆ ಹಿಡಿದರು. ಅವರದೇ ಸರಿ, ಎರಡನೆಯದು ಹೆಚ್ಚು ಎಳೆಯುತ್ತಿತ್ತು, ಅದಕ್ಕೇ ಐದನೆಯದು ಮಂಕಾಗಿ ಕೇಳಿಸಿತ್ತು. ಇಪ್ಪತ್ತು ನಿಮಿಷದ ಆ ಪಾಠಕ್ಕೆ ನಾನು ಕೊಟ್ಟ ಗುರುದಕ್ಷಿಣೆ ಜೇಬಿನಲ್ಲಿದ್ದ ಒಂದು ಶಿರಸಿ ಸುಪಾರಿ ಪೊಟ್ಟಣ. ಅವರು ಅದನ್ನು ಮೂಸಿ, ಜೋಪಾನವಾಗಿ ಡ್ಯಾಶ್‌ಬೋರ್ಡಿನೊಳಗೆ ಇಟ್ಟರು. ತಿಂದರೋ ಇಲ್ಲವೋ ದೇವರಿಗೇ ಗೊತ್ತು.

ಪ್ರಶ್ನೆ: ಹೆಗಡೆಯವರೇ, ಮೂವತ್ತೆಂಟು ವರ್ಷ ಲಾರಿ ಓಡಿಸಿದ್ದೇನೆ. ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿಯುವಾಗ ಖಾಲಿ ಲಾರಿಯ ಬಾಲ ಎಷ್ಟು ಸಲ ಜಾರಿಲ್ಲ! ಅದನ್ನೇ ಡ್ರಿಫ್ಟ್ ಎಂದು ಹೆಸರಿಟ್ಟು ಟಿಕೆಟ್ ಮಾರುತ್ತಾರೆಯೇ?
– ನಿವೃತ್ತ ಚಾಲಕರು, ಕುಮಟಾ

ಅರ್ಧ ಅದೇ. ಚಿಕ್ಕಂದಿನಲ್ಲಿ ಅಡಿಕೆ ಹಾಳೆಯ ಮೇಲೆ ಕುಳಿತು ಎಳೆಸಿಕೊಂಡದ್ದು ನಿಮಗೆ ನೆನಪಿರಬೇಕು. ಎಳೆಯುವವನು ಸೀದಾ ಓಡಿದರೆ ಹಾಳೆಯೂ ಸೀದಾ. ಅವನು ಅಂಗಳದ ಮೂಲೆಯಲ್ಲಿ ಗಕ್ಕನೆ ತಿರುಗಿದನೋ, ಹಾಳೆಯ ಹಿಂಭಾಗ ಹೊರಗೆ ಬೀಸಿ ನಾವು ಅಡ್ಡಡ್ಡವಾಗಿ ಹೋಗುತ್ತಿದ್ದೆವು. ಡ್ರಿಫ್ಟ್ ಎಂದರೆ ಅದೇ. ಹಿಂಚಕ್ರಗಳು ನೆಲದ ಹಿಡಿತ ಬಿಟ್ಟು ಹೊರಗೆ ಜಾರುತ್ತವೆ, ಮುಂಚಕ್ರಗಳು ಹಿಡಿತದಲ್ಲಿಯೇ ಇರುತ್ತವೆ. ಚಾಲಕ ಸ್ಟೇರಿಂಗನ್ನು ತಿರುವಿನ ವಿರುದ್ಧ ದಿಕ್ಕಿಗೆ ತಿರುಗಿಸಿ, ಎಕ್ಸಿಲರೇಟರಿನಿಂದ ಆ ಜಾರುವಿಕೆಯನ್ನು ಅಷ್ಟಕ್ಕಷ್ಟೇ ಹಿಡಿದಿಡುತ್ತಾನೆ. ವ್ಯತ್ಯಾಸ ಇಷ್ಟೇ: ಲಾರಿಯ ಬಾಲ ಜಾರಿದಾಗ ‘ದೇವಿಯೇ, ಒಮ್ಮೆ ನಿಲ್ಲಲಿ’ ಎಂದು ನೀವು ಬೇಡಿಕೊಳ್ಳುತ್ತೀರಿ, ಅವರು ಮುಂದಿನ ತಿರುವಿನ ತನಕ ನಿಲ್ಲದಿರಲಿ ಎಂದು ದುಡಿಯುತ್ತಾರೆ.

ನಿಮಗೆ ಇಷ್ಟವಾಗುವ ಮಾತೆಂದರೆ, ಈ ವಿದ್ಯೆ ಬೆಳೆದದ್ದೂ ಘಟ್ಟದಲ್ಲಿಯೇ. ಅವರ ಭಾಷೆಯಲ್ಲಿ ಘಟ್ಟಕ್ಕೆ ‘ತೋಗೆ’ ಎನ್ನುತ್ತಾರೆ. ಬರೆಯುವ ಅಕ್ಷರದಲ್ಲಿ ಎಡಕ್ಕೆ ಬೆಟ್ಟ, ಬಲಕ್ಕೆ ಮೇಲೊಂದು ‘ಏರು’, ಕೆಳಗೊಂದು ‘ಇಳಿ’. ಚೀನಾದಿಂದ ಸಾವಿರಾರು ಅಕ್ಷರ ತಂದವರು ಇದನ್ನು ತಾವೇ ಕಟ್ಟಿಕೊಂಡರು. ಅಳಿಯ ಕಾಗದದ ಮೇಲೆ ಬರೆದು ತೋರಿಸಿದಾಗ, ದೇವಿಮನೆಯ ಬೋರ್ಡಿಗೂ ಇದನ್ನೇ ಬರೆಸಬಹುದು ಎನ್ನಿಸಿತು.

ಈ ಜಾರುವಿಕೆಯ ಮೊದಲ ಗುರು ಕುನಿಮಿತ್ಸು ತಕಹಾಶಿ. ಆತ ಮೊದಲು ಬೈಕ್ ಸವಾರ. 1961ರಲ್ಲಿ ವಿಶ್ವಮಟ್ಟದ ಗ್ರಾಂಪ್ರಿ ಬೈಕ್ ರೇಸ್ ಗೆದ್ದ ಮೊದಲ ಜಪಾನೀಯ. ಆಮೇಲೆ ಕಾರಿಗೆ ಬಂದು, ನಾನು ಮೇಲೆ ಹೇಳಿದ ಹಾಕೊಸುಕಾವನ್ನೇ ರೇಸಿನಲ್ಲಿ ಅಡ್ಡ ಜಾರಿಸುತ್ತಾ ತಿರುವು ದಾಟುತ್ತಿದ್ದರು. ಅದನ್ನು ಕಂಡು ಮರುಳಾದವನು ಕೇಯಿಚಿ ತ್ಸುಚಿಯಾ. ನಾಗಾನೊ ಎಂಬ ಬೆಟ್ಟದ ಸೀಮೆಯವನು, 1956ರಲ್ಲಿ ಹುಟ್ಟಿದವನು. ಊರ ಘಟ್ಟಗಳಲ್ಲಿ ರಾತ್ರಿ ಅಭ್ಯಾಸ ಮಾಡಿ, ಟೊಯೊಟಾದ ಎಇ86 ಎಂಬ ಸಣ್ಣ ಕಾರಿಗೆ ಹೆಸರು ತಂದುಕೊಟ್ಟ. 1983ರಿಂದ 1987ರ ತನಕ ತಯಾರಾದ ಆ ಕಾರಿಗೆ 1.6 ಲೀಟರ್ ಎಂಜಿನ್, ಸುಮಾರು 130 ಅಶ್ವಶಕ್ತಿ, ಹಗುರ ಮೈ, ಹಿಂಚಕ್ರಕ್ಕೆ ಶಕ್ತಿ. ಜಪಾನಿನಲ್ಲಿ ‘ಎಂಟು-ಆರು’ ಎಂದರೆ ಸಾಕು, ಯಾವುದೆಂದು ಕೇಳುವವರಿಲ್ಲ. 2001ರಿಂದ ‘ಡಿ1 ಗ್ರಾಂಪ್ರಿ’ ಎಂಬ ಪಂದ್ಯಾವಳಿ ನಡೆಯುತ್ತಿದೆ. ಇಲ್ಲಿ ಮೊದಲು ಬಂದವನು ಗೆಲ್ಲುವುದಿಲ್ಲ. ಎಷ್ಟು ಕೋನದಲ್ಲಿ, ಎಷ್ಟು ವೇಗದಲ್ಲಿ, ಹೇಳಿದ ಗೆರೆಯ ಮೇಲೆಯೇ ಜಾರಿದನೇ ಎಂದು ನೋಡಿ ಅಂಕ ಕೊಡುತ್ತಾರೆ. ಯಕ್ಷಗಾನದಲ್ಲಿ ವೇಷ ಬೇಗ ರಂಗ ಬಿಟ್ಟು ಹೋಯಿತೆಂದು ಯಾರಾದರೂ ಬಹುಮಾನ ಕೊಟ್ಟಾರೆಯೇ? ಹಾಗೆ.

ಗುನ್ಮಾ ಪ್ರಾಂತದ ಹರುನಾ ಬೆಟ್ಟಕ್ಕೂ ಹೋಗಿದ್ದೆ. ತಿರುವುಗಳಲ್ಲಿ ರಸ್ತೆಗೆ ಅಡ್ಡವಾಗಿ ಉಬ್ಬು ಪಟ್ಟಿ ಹಾಕಿದ್ದಾರೆ, ಜಾರಿಸುವವರ ಚಕ್ರ ಕುಣಿಯಲಿ ಎಂದು. ಘಟ್ಟದ ಕಾಲ ಅಲ್ಲಿ ಮುಗಿಯುತ್ತಾ ಬಂದಿದೆ. ಒಳ್ಳೆಯದೇ ಆಯಿತು ಎನ್ನುವ ಪಕ್ಷದವನು ನಾನು. ನಿಮ್ಮ ಎದುರಿಗೆ ಬರುತ್ತಿದ್ದ ಶಾಲೆಯ ಬಸ್ಸು ಅಲ್ಲಿಯೂ ಬರುತ್ತದಲ್ಲ.

ಪ್ರಶ್ನೆ: ಅಷ್ಟು ದಿನ ಊಟಕ್ಕೆ ಏನು ಮಾಡಿದಿರಿ?
– ಗೃಹಿಣಿ, ಶಿರಸಿ

ಕಷ್ಟವಾಯಿತು ಅಕ್ಕಾ. ಬರೀ ತರಕಾರಿಯ ಸಾರು ಎಂದು ಕೊಟ್ಟರೂ ಅದರ ತಳದಲ್ಲಿ ಒಣಮೀನಿನ ನೀರು ಇರುತ್ತದೆ. ಅಳಿಯನ ಮನೆಯಲ್ಲಿದ್ದಾಗ ಅನ್ನ, ತಂಬುಳಿ. ಹೊರಗೆ ಹೋದಾಗ ಅಂಗಡಿಯಲ್ಲಿ ಸಿಗುವ ಅನ್ನದ ತ್ರಿಕೋನ. ಒಳಗೆ ಉಪ್ಪಿನಲ್ಲಿ ಹಾಕಿದ ಒಂದು ಹುಳಿ ಕಾಯಿ ಇಡುತ್ತಾರೆ, ಉಮೆಬೊಶಿ ಎಂದು ಹೆಸರು. ಕಣ್ಣು ಮುಚ್ಚಿ ತಿಂದರೆ ನಮ್ಮ ಅಪ್ಪೆಮಿಡಿಯ ದೂರದ ನೆಂಟ. ಅದರಲ್ಲಿಯೂ ಮೀನಿನ ಸಾರ ಬೆರೆತಿರುವುದುಂಟು, ಅಳಿಯ ಹಿಂದಿನ ಚೀಟಿ ಓದಿ ಹೇಳಿದ ಮೇಲೆಯೇ ಬಾಯಿಗೆ.

ಪ್ರಶ್ನೆ: ನಾನೂ ಮೆಕ್ಯಾನಿಕ್. ‘ಟ್ಯೂನಿಂಗ್’ ಎನ್ನುತ್ತಾರಲ್ಲ, ನಾವು ಮಾಡುವ ಟ್ಯೂನಪ್ಪಿಗೂ ಅದಕ್ಕೂ ಏನು ವ್ಯತ್ಯಾಸ? ಅದೇ ಎಂಜಿನ್ನಿನಲ್ಲಿ ಎರಡು ಪಟ್ಟು ಶಕ್ತಿ ಹೇಗೆ ಬರುತ್ತದೆ?
– ಯಲ್ಲಾಪುರ

ನಾವು ಮಾಡುವುದು ಕಂಪನಿ ಕೊಟ್ಟ ಸ್ಥಿತಿಗೆ ಎಂಜಿನ್ನನ್ನು ವಾಪಸು ತರುವ ಕೆಲಸ. ಅವರು ಕಂಪನಿ ನಿಲ್ಲಿಸಿದ ಜಾಗದಿಂದ ಮುಂದಕ್ಕೆ ಹೋಗುತ್ತಾರೆ. ಇದಕ್ಕೊಂದು ತಮಾಷೆಯ ಹಿನ್ನೆಲೆಯಿದೆ. 1989ರ ಹೊತ್ತಿಗೆ ಜಪಾನಿನ ಕಾರು ಕಂಪನಿಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಯಾವ ಕಾರಿಗೂ 280 ಅಶ್ವಶಕ್ತಿಗಿಂತ ಹೆಚ್ಚು ಎಂದು ಹೇಳುವುದಿಲ್ಲ ಎಂದು ಒಪ್ಪಿಕೊಂಡವು. 2004ರ ತನಕ ಆ ಒಪ್ಪಂದ ನಡೆಯಿತು. ಅದೇ 1989ರಲ್ಲಿ ಬಂದ ಸ್ಕೈಲೈನ್ ಆರ್32 ಜಿಟಿ-ಆರ್ ಕಾರಿನ 2.6 ಲೀಟರ್, ಆರು ಸಿಲಿಂಡರ್, ಗಾಳಿ ಒತ್ತಿ ತುಂಬುವ ಎರಡು ಟರ್ಬೊ ಇರುವ ಎಂಜಿನ್ನಿಗೆ ಕಾಗದದ ಮೇಲೆ 280. ಆದರೆ ಎಂಜಿನ್ನಿನ ಬ್ಲಾಕ್ ರೇಸಿಗೆಂದು ಎರಕ ಹೊಯ್ದ ಕಬ್ಬಿಣ. ನಾಲ್ಕು ಅಂತಸ್ತು ತಾಳುವ ಅಡಿಪಾಯ ಹಾಕಿ ಒಂದೇ ಅಂತಸ್ತು ಕಟ್ಟಿ ಬಿಟ್ಟ ಮನೆಯಂತೆ. ಮೇಲಿನ ಅಂತಸ್ತು ಕಟ್ಟುವ ಮೇಸ್ತ್ರಿಗಳೇ ಈ ಟ್ಯೂನರುಗಳು. ದೊಡ್ಡ ಟರ್ಬೊ, ಹೆಚ್ಚು ಗಾಳಿ, ಅದಕ್ಕೆ ತಕ್ಕ ಇಂಧನ, ಆ ಗಾಳಿಯನ್ನು ತಣಿಸುವ ದೊಡ್ಡ ಇಂಟರ್‌ಕೂಲರ್, ಎಲ್ಲಕ್ಕೂ ಹೊಸ ಲೆಕ್ಕ ಹೇಳುವ ಕಂಪ್ಯೂಟರ್. ಒಂದನ್ನು ಮಾತ್ರ ಹೆಚ್ಚಿಸಿ ಉಳಿದದ್ದನ್ನು ಬಿಟ್ಟರೆ ಪಿಸ್ಟನ್ ಕರಗುತ್ತದೆ. ಇದು ಯಲ್ಲಾಪುರದಲ್ಲಿಯೂ ಹಾಗೆಯೇ.

ಯೊಕೊಹಾಮಾದಲ್ಲಿ ಹಳೆಯ ಬಿಡಿಭಾಗಗಳ ಅಂಗಡಿಯೊಂದಕ್ಕೆ ಹೊಕ್ಕಿದ್ದೆ. ನಮ್ಮ ಗುಜರಿ ಎಂದುಕೊಂಡರೆ ತಪ್ಪು. ಬಟ್ಟೆ ಅಂಗಡಿಯ ಹಾಗೆ ಸೈಲೆನ್ಸರುಗಳನ್ನು ತೂಗುಹಾಕಿದ್ದಾರೆ. ಪ್ರತಿಯೊಂದಕ್ಕೂ ಚೀಟಿ: ಯಾವ ಕಾರಿನದು, ಎಲ್ಲಿ ಗೀರು ಇದೆ, ಯಾವ ಬೋಲ್ಟು ಇಲ್ಲ. ‘ಒಂದು ಬೋಲ್ಟು ಇಲ್ಲ’ ಎಂದು ಮಾರುವವನೇ ಬರೆದಿಟ್ಟದ್ದನ್ನು ನಾನು ಈ ವೃತ್ತಿಯಲ್ಲಿ ಕಂಡದ್ದು ಇದೇ ಮೊದಲು. 500 ಯೆನ್ನಿಗೆ ಒಂದು ಗೇರ್ ನಾಬ್ ಕೊಂಡೆ.

ಪ್ರಶ್ನೆ: ನಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತದೆಯೇ?
– ಹೊನ್ನಾವರ

ಅದೊಂದೇ ಇದ್ದರೆ ನಡೆಯುವುದಿಲ್ಲ. ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಊರಿನ ಮೂಲ ಲೈಸೆನ್ಸ್, ಪಾಸ್‌ಪೋರ್ಟ್ ಎರಡೂ ಜೊತೆಯಲ್ಲಿರಲಿ. ಅವರೂ ನಮ್ಮ ಹಾಗೆ ಎಡಕ್ಕೇ ಓಡಿಸುವವರು, ಅಷ್ಟು ನೆಮ್ಮದಿ. ಆದರೆ ಅವರ ಕಾರಿನಲ್ಲಿ ಇಂಡಿಕೇಟರ್ ಕಡ್ಡಿ ಬಲಗಡೆ, ವೈಪರ್ ಎಡಗಡೆ. ನಾನು ಬಾಡಿಗೆ ಕಾರು ಓಡಿಸಿದ ದಿನ ಪ್ರತಿ ತಿರುವಿನಲ್ಲಿಯೂ ಬಿಸಿಲಿನಲ್ಲಿ ವೈಪರ್ ಆಡಿತು. ಹಿಂದಿನವರು ಹಾರನ್ ಹೊಡೆಯಲಿಲ್ಲ; ಅರ್ಥ ಮಾಡಿಕೊಂಡು ದೂರ ಉಳಿದರು. ಇನ್ನೊಂದು: ರೈಲ್ವೆ ಗೇಟ್ ತೆರೆದೇ ಇದ್ದರೂ ಪ್ರತಿಯೊಂದು ವಾಹನವೂ ಹಳಿಯ ಮುಂದೆ ಪೂರ್ತಿ ನಿಂತೇ ಹೋಗಬೇಕು, ಅದು ಕಾನೂನು. ನಾನು ನಿಲ್ಲಿಸದೆ ದಾಟಿದಾಗ ಅಳಿಯನ ಮುಖ ಬಿಳಿಚಿತು.

ಪ್ರಶ್ನೆ: ಒಂದು ಹಳೆಯ ಆರ್34 ಅನ್ನು ಹಡಗಿನಲ್ಲಿ ತರಿಸಿಕೊಳ್ಳಬಹುದೇ? ಹಣ ಹೊಂದಿಸುತ್ತೇನೆ.
– ಭಟ್ಕಳ

ರಸ್ತೆಗೆ ಇಳಿಸಲು ತರುವ ಸೆಕೆಂಡ್‌ಹ್ಯಾಂಡ್ ಕಾರು ಮೂರು ವರ್ಷಕ್ಕಿಂತ ಹಳೆಯದಿರಬಾರದು ಎಂಬುದು ನಮ್ಮ ನಿಯಮ. ಆರ್34 ಕೊನೆಯದಾಗಿ ತಯಾರಾದದ್ದು 2002ರಲ್ಲಿ. ಅಮೆರಿಕದವರದು ತಿರುಗಾಮುರುಗಾ: 25 ವರ್ಷ ತುಂಬಿದ ಮೇಲೆಯೇ ಒಳಗೆ ಬಿಡುತ್ತಾರೆ. ಅಲ್ಲಿಯ ಕೊಳ್ಳುವವರು ಕಾದು ಕುಳಿತು ಬೆಲೆಯನ್ನು ಆಕಾಶಕ್ಕೆ ಏರಿಸಿದ್ದಾರೆ. ಆ ಹಣದಲ್ಲಿ ಒಂದು ತೋಟ ಕೊಳ್ಳಿ.

ಪ್ರಶ್ನೆ: ಡ್ರಿಫ್ಟ್‌ಗೆ ಹೆಸರಾದ ಎಬಿಸು ಸರ್ಕ್ಯೂಟಿಗೆ ಹೋಗಿದ್ದಿರಾ? ಹೋಗಿದ್ದರೆ ಪೂರ್ತಿ ಬರೆಯಿರಿ, ಸಂಕ್ಷಿಪ್ತ ಮಾಡಬೇಡಿ.
– ಇಬ್ಬರು ಗೆಳೆಯರು, ದಾಂಡೇಲಿ

ಹೋಗಿದ್ದೆ. ಟೋಕಿಯೊದಿಂದ ಉತ್ತರಕ್ಕೆ ಫುಕುಶಿಮಾ ಪ್ರಾಂತ, ಅಲ್ಲಿ ನಿಹೊನ್ಮಾತ್ಸು ಎಂಬ ಊರು, ಊರಿನ ಹೊರಗೆ ಗುಡ್ಡ. ಆ ಗುಡ್ಡದ ಮೈಮೇಲೆ ಮೆಟ್ಟಿಲು ಗದ್ದೆಗಳ ಹಾಗೆ ಒಂದಲ್ಲ, ಹಲವು ಟ್ರ್ಯಾಕುಗಳು. ಪಕ್ಕದಲ್ಲೇ ಸಫಾರಿ ಪಾರ್ಕ್. ಸಿಂಹ, ಆನೆ ಎಲ್ಲ ಇವೆ. ಒಂದು ಕಡೆ ಸಿಂಹ, ಇನ್ನೊಂದು ಕಡೆ ಟರ್ಬೊ. ದಾಂಡೇಲಿಯವರಿಗೆ ಕಾಡಿನ ಪಕ್ಕದ ಬದುಕು ಹೊಸತಲ್ಲ, ಆದರೂ ಈ ಜೋಡಿ ನೀವು ಕಂಡಿರಲಾರಿರಿ. 2021ರ ಫೆಬ್ರವರಿಯ ಭೂಕಂಪದಲ್ಲಿ ಇಲ್ಲಿ ಗುಡ್ಡ ಜಾರಿ ಒಂದು ಟ್ರ್ಯಾಕ್ ಮಣ್ಣಿನಡಿ ಹೋಯಿತು. ಗುಡ್ಡ ಕುಸಿಯುವುದೆಂದರೆ ಏನೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಶಿರೂರು ಇನ್ನೂ ಕಣ್ಣಮುಂದಿದೆ. ನಾನು ಆ ಇಳಿಜಾರಿನ ಕಡೆ ಹೆಚ್ಚು ಹೊತ್ತು ನೋಡಲಿಲ್ಲ.

ಮೊದಲು ಕಿವಿಗೆ ಬಂತು, ಆಮೇಲೆ ಮೂಗಿಗೆ, ಕೊನೆಗೆ ಕಣ್ಣಿಗೆ. ಎಂಜಿನ್ ತನ್ನ ಮಿತಿಗೆ ತಾಗಿ ಬಡಬಡ ಎನ್ನುವ ಸದ್ದು, ಅದರ ಮೇಲೆ ಟಯರಿನ ಕಿರುಚು. ಸುಟ್ಟ ರಬ್ಬರಿನ ವಾಸನೆ. ತಿರುವಿನಿಂದ ಮೊದಲು ಹೊಗೆ ಬಂತು. ಹೊಗೆಯಿಂದ ಕಾರು, ಮೂತಿ ನನ್ನ ಕಡೆಗೆ, ಓಟ ಬೇರೆ ಕಡೆಗೆ. ಅದರ ಬಾಗಿಲಿಗೆ ಗೇಣು ದೂರದಲ್ಲಿ ಇನ್ನೊಂದು ಕಾರು, ಅದೂ ಅಷ್ಟೇ ಓರೆಯಲ್ಲಿ. ನನ್ನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು.

ಆದರೆ ನಾನು ಹೆಚ್ಚು ಹೊತ್ತು ನಿಂತದ್ದು ಟ್ರ್ಯಾಕಿನ ಬೇಲಿಯ ಬಳಿ ಅಲ್ಲ, ಕಾರು ರಿಪೇರಿಯಾಗುವ ಅಂಗಳದಲ್ಲಿ. ಇಪ್ಪತ್ತೈದರ ಆಸುಪಾಸಿನ ಒಬ್ಬ ಹುಡುಗ, ಅವನ ನಿಸ್ಸಾನ್ ಸಿಲ್ವಿಯಾ ಎಸ್13, ಅಂದರೆ ಅವನಿಗಿಂತ ಹಳೆಯ ಕಾರು. ಮುಂದಿನ ಬಂಪರ್ ಎರಡು ಹೋಳು. ಬಿರುಕಿನ ಎರಡೂ ಅಂಚಿಗೆ ತೂತು ಕೊರೆದು, ಪ್ಲಾಸ್ಟಿಕ್ ಪಟ್ಟಿಗಳಿಂದ ಬಿಗಿದಿದ್ದ. ದೊನ್ನೆಗೆ ಕಡ್ಡಿ ಚುಚ್ಚಿದ ಹಾಗೆ. ಬಾಗಿಲು ಬಿಳಿ, ಬಾನೆಟ್ ಕಪ್ಪು, ಹಿಂದಿನ ಮಡ್‌ಗಾರ್ಡ್ ತಗ್ಗಿ ಎದ್ದದ್ದು. ಇಂಥ ಕಲಿಯುವ ಕಾರಿಗೆ ಅವರಲ್ಲಿ ‘ಮಿಸೈಲ್’ ಎನ್ನುತ್ತಾರೆ: ಹೋಗಿ ಬಡಿಯಲಿಕ್ಕೇ ಇರುವುದು.

ನೋಡಲು ಭಿಕ್ಷೆ ಬೇಡುವಂತಿದ್ದ ಆ ಕಾರಿನ ಕೆಳಗೆ ಬಗ್ಗಿ ನೋಡಿದೆ. ಕೆಳಗೆ ದೇವರ ಕೋಣೆ. ಎಲ್ಲಿಯೂ ಎಣ್ಣೆ ಸೋರಿಲ್ಲ. ಪ್ರತಿ ನಟ್ಟಿನ ಮೇಲೆ ಬಿಳಿ ಬಣ್ಣದ ಸಣ್ಣ ಗೆರೆ, ನಟ್ಟಿನಿಂದ ಪಕ್ಕದ ಲೋಹದ ತನಕ. ನಟ್ಟು ಕೂದಲೆಳೆಯಷ್ಟು ಸಡಿಲವಾದರೂ ಗೆರೆ ಮುರಿದು ಕಾಣುತ್ತದೆ. ಹಿಂದಿನ ಟಯರುಗಳು ಕೆಲವೇ ಸುತ್ತಿಗೆ ನೂಲು ಕಾಣುವಷ್ಟು ಸವೆದಿದ್ದವು. ಜ್ಯಾಕ್ ಏರಿಸಿ, ಗಾಲಿ ಬಿಚ್ಚಿ, ರಾಶಿಯಿಂದ ಇನ್ನೊಂದು ಜೊತೆ ಹಳೆಯ ಟಯರು ಹಾಕಿದ. ನಟ್ಟುಗಳನ್ನು ಎದುರುಬದುರು ಕ್ರಮದಲ್ಲಿ ಬಿಗಿದು, ಕೊನೆಗೆ ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಿಡಿದು ‘ಟಿಕ್’ ಎನ್ನುವ ತನಕ ಪ್ರತಿಯೊಂದನ್ನೂ ಪರೀಕ್ಷಿಸಿದ. ಪಕ್ಕದಲ್ಲಿ ಕುಳಿತ ಹುಡುಗಿ ಗಾಳಿಯ ಒತ್ತಡವನ್ನು ಪುಸ್ತಕದಲ್ಲಿ ಬರೆದುಕೊಂಡಳು. ಬಂಪರ್ ಬಿದ್ದರೆ ಬೀಳಲಿ, ಗಾಲಿ ಬೀಳಬಾರದು ಎಂಬ ಲೆಕ್ಕ. ನನ್ನ ಗ್ಯಾರೇಜಿನಲ್ಲಿಯೂ ಒಂದು ಟಾರ್ಕ್ ರೆಂಚ್ ಇದೆ. ಎಣ್ಣೆ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು ಎಷ್ಟೋ ವರ್ಷವಾಯಿತು. ‘ಕೈಯ ಅಂದಾಜು ಸಾಕು’ ಎಂದು ಹುಡುಗರಿಗೆ ಹೇಳುತ್ತಿದ್ದವನು ನಾನೇ.

ಹಣ ಕೊಟ್ಟರೆ ನುರಿತ ಚಾಲಕರ ಪಕ್ಕದಲ್ಲಿ ಕೂರಿಸಿ ಒಯ್ಯುವ ವ್ಯವಸ್ಥೆ ಅಲ್ಲಿದೆ, ‘ಡ್ರಿಫ್ಟ್ ಟ್ಯಾಕ್ಸಿ’. ಹೆಲ್ಮೆಟ್ ಹಾಕಿ ಕುಳಿತೆ. ಮೊದಲ ತಿರುವಿಗೆ ಮುಂಚೆ ಚಾಲಕ ಕ್ಲಚ್ಚನ್ನು ಒಮ್ಮೆ ಒದ್ದ, ಹಿಂಚಕ್ರ ಹಿಡಿತ ಬಿಟ್ಟಿತು. ಮುಂದಿನ ಗಾಜಿನಲ್ಲಿ ಗೋಡೆ ಬಂತು, ರಸ್ತೆ ಪಕ್ಕದ ಕಿಟಕಿಗೆ ಹೋಯಿತು. ಆತ ನೋಡುತ್ತಿದ್ದದ್ದು ಆ ಕಿಟಕಿಯಿಂದ. ನಾಲ್ಕು ದಶಕ ನಾನು ಕಾರು ಹೋಗುವ ದಿಕ್ಕಿಗೇ ಮೂತಿಯಿರುತ್ತದೆ ಎಂದು ನಂಬಿಕೊಂಡು ಬದುಕಿದವನು. ಇಳಿದ ಮೇಲೆ ಅಳಿಯ “ಹೇಗಿತ್ತು ಮಾವ?” ಎಂದ. ಅನ್ನದ ತ್ರಿಕೋನ ಮೇಲೆ ಬರದಂತೆ ಬಾಯಿ ಮುಚ್ಚಿಕೊಂಡಿದ್ದರಿಂದ ಉತ್ತರ ಕೊಡಲಿಲ್ಲ.

ಪ್ರಶ್ನೆ: ಅಣ್ಣಾ, ನನ್ನ ಮಗ ಅವರಪ್ಪನ ಕಾರಿಗೆ ದೊಡ್ಡ ಸದ್ದಿನ ಸೈಲೆನ್ಸರ್ ಹಾಕಿಸಿದ್ದಾನೆ. ಈಗ ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸಬೇಕಂತೆ. ರಾತ್ರಿ ಗೆಳೆಯರೊಂದಿಗೆ ಬೀಚಿಗೆ ಒಯ್ದು ಮರಳಿನಲ್ಲಿ ಸುತ್ತಿಸುತ್ತಾನೆ. ಕೇಳಿದರೆ ‘ಜಪಾನಿನಲ್ಲಿ ಎಲ್ಲರೂ ಮಾಡುತ್ತಾರೆ’ ಎನ್ನುತ್ತಾನೆ. ನೀವು ನೋಡಿ ಬಂದವರು, ಹೌದೇ?
– ಒಬ್ಬ ತಾಯಿ, ಅಂಕೋಲಾ

ತಂಗೀ, ಈ ಉತ್ತರವನ್ನು ಅವನಿಗೇ ಓದಲು ಕೊಡು.

ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ ‘ಶಾಕೆನ್’ ಎಂಬ ತಪಾಸಣೆಯಿದೆ. ಸದ್ದು, ಹೊಗೆ, ದೀಪ, ಬ್ರೇಕ್ ಎಲ್ಲ ಅಳೆಯುತ್ತಾರೆ. ಕಾರಿನ ಹೊಟ್ಟೆ ನೆಲದಿಂದ 9 ಸೆಂಟಿಮೀಟರ್ ಎತ್ತರದಲ್ಲಿರಬೇಕು. ದೊಡ್ಡ ಬದಲಾವಣೆ ಮಾಡಿದರೆ ದಾಖಲೆಯಲ್ಲಿ ಬರೆಸಬೇಕು. ಕದ್ದು ಮಾಡುವವರು ಅಲ್ಲಿಯೂ ಇದ್ದಾರೆ, ದಂಡವೂ ಇದೆ. ನಮ್ಮಲ್ಲಂತೂ ಕಂಪನಿ ಕೊಟ್ಟ ಮೂಲ ವಿನ್ಯಾಸವನ್ನು ಬದಲಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಲ್ಲಿ ಇಂಥ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಆ ಕೇಸು ಬೀಳುವುದು ಕಾರಿನ ಮಾಲೀಕರ ಮೇಲೆ, ಅಂದರೆ ಅವನಪ್ಪನ ಮೇಲೆ.

ಇನ್ನು ಸ್ಪ್ರಿಂಗ್. ಇದನ್ನು ನಾನು ಕಾನೂನಿನಿಂದ ಹೇಳುತ್ತಿಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದಾಗ, ಒಬ್ಬ ಗಿರಾಕಿಯ ಪದ್ಮಿನಿ ಕಾರಿನ ಮುಂದಿನ ಸ್ಪ್ರಿಂಗನ್ನು ಒಂದೂವರೆ ಸುತ್ತು ನಾನೇ ಕತ್ತರಿಸಿದ್ದೆ. ನೋಡಲು ಬಹಳ ಚಂದವಾಯಿತು. ಕತ್ತರಿಸಿದ ಸ್ಪ್ರಿಂಗ್ ತನ್ನ ಪೀಠದಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಗುಂಡಿಯ ಮೇಲಿಂದ ಹಾರಿ ಕೆಳಗೆ ಜೋತಾಗ ಪೀಠ ಬಿಟ್ಟು ಓರೆಯಾಗುತ್ತದೆ. ಗಿರಾಕಿ ಮೂರನೆಯ ದಿನ ಗೋಕರ್ಣಕ್ಕೆಂದು ಮಗಳನ್ನೂ ಕೂರಿಸಿಕೊಂಡು ಹೊರಟರು. ಘಟ್ಟದ ಇಳಿಜಾರಿನಲ್ಲಿ ಎಡಗಡೆಯ ಸ್ಪ್ರಿಂಗ್ ಕದಲಿ, ಎಂಜಿನ್ ತಳದ ಎಣ್ಣೆ ತೊಟ್ಟಿ (ಆಯಿಲ್ ಸಂಪ್) ಬಂಡೆಗೆ ಬಡಿದು ಒಡೆಯಿತು. ಕಾರು ನಿಂತದ್ದು ಮೋರಿಯ ಕಟ್ಟೆಯ ಮೇಲೆ. ಯಾರಿಗೂ ಏನೂ ಆಗಲಿಲ್ಲ. ಆ ಗಿರಾಕಿ ನನ್ನನ್ನು ಬೈಯಲೂ ಇಲ್ಲ, ಆಮೇಲೆ ಎಂದೂ ಬರಲೂ ಇಲ್ಲ. ಮಗಳು ಹಿಡಿದುಕೊಂಡಿದ್ದ ಹೂವಿನ ಪೊಟ್ಟಣ ಹಿಂದಿನ ಸೀಟಿನಲ್ಲೇ ಉಳಿದಿತ್ತು. ಕಾರನ್ನು ಎಳೆದು ತಂದ ಮೇಲೆ ಅದನ್ನು ತೆಗೆದಿಟ್ಟವನು ನಾನು.

ಬೀಚಿನ ವಿಷಯ ಚಿಕ್ಕದು: ಉಪ್ಪುನೀರಿನ ಮರಳು ಕಾರಿನ ತಳದಲ್ಲಿ ಕುಳಿತರೆ ಎರಡು ಮಳೆಗಾಲ ಸಾಕು, ತುಕ್ಕು ತಿನ್ನುತ್ತದೆ. ಅಲ್ಲದೆ ಅದು ಬಹುಶಃ ಮುಂಚಕ್ರಕ್ಕೆ ಶಕ್ತಿಯಿರುವ ಕಾರು. ಅವನು ಡ್ರಿಫ್ಟ್ ಎಂದುಕೊಂಡು ಮಾಡುತ್ತಿರುವುದು ಬರೀ ಮರಳು ತೋಡುವ ಕೆಲಸ.

ಮಗನಿಗೆ ಕೈ ತುರಿಸುತ್ತಿದೆ, ಅದು ತಪ್ಪಲ್ಲ. ಕೊಯಮತ್ತೂರು, ಚೆನ್ನೈಗಳಲ್ಲಿ ಟ್ರ್ಯಾಕುಗಳಿವೆ, ಹಣ ಕೂಡಿಸಿ ಅಲ್ಲಿಗೆ ಹೋಗಲಿ. ಅದಕ್ಕೆ ಮುಂಚೆ ಒಂದು ಭಾನುವಾರ ಶಿರಸಿಗೆ ಕಳಿಸು. ಸೈಲೆನ್ಸರನ್ನು ಮೊದಲಿನಂತೆ ಮಾಡಿಸಿಕೊಂಡು ಬಂದರೆ ಟಾರ್ಕ್ ರೆಂಚ್ ಹಿಡಿಯಲು ಕಲಿಸುತ್ತೇನೆ. ಎಣ್ಣೆ ಬಟ್ಟೆಯಿಂದ ಹೊರಗೆ ತೆಗೆದಿದ್ದೇನೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಆಮ್ನಿ ಇದೆ. ಅದಕ್ಕೂ ಹಿಂಚಕ್ರಕ್ಕೇ ಶಕ್ತಿ ಎಂದು ಓದಿದೆ. ಹಾಗಾದರೆ ಅದೂ ಡ್ರಿಫ್ಟ್ ಆಗಬೇಕಲ್ಲ? ಅಪ್ಪನಿಗೆ ಕೇಳಿದರೆ ಬಿದ್ದು ಬಿದ್ದು ನಗುತ್ತಾರೆ.
– ಒಂಬತ್ತನೆಯ ತರಗತಿ, ಸಿದ್ದಾಪುರ

ಅಪ್ಪ ನಗಬಾರದಿತ್ತು. ನೀನು ಓದಿದ್ದು ಸರಿ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿದೆ, ಶಕ್ತಿ ಹಿಂಚಕ್ರಕ್ಕೆ ಹೋಗುತ್ತದೆ. ಅದರ ಜಪಾನೀ ಅಣ್ಣ ಸುಜುಕಿ ಕ್ಯಾರಿ. ಅಲ್ಲಿ 660 ಸಿಸಿಯ ಪುಟ್ಟ ಟ್ರಕ್ಕುಗಳನ್ನೂ ಜಾರಿಸುತ್ತಾರೆ. ಎಬಿಸುವಿನಲ್ಲಿ ಒಂದನ್ನು ನಾನೇ ಕಂಡೆ, ಹಿಂದೆ ತನ್ನದೇ ಬದಲಿ ಟಯರು ಹೇರಿಕೊಂಡು ಬಂದಿತ್ತು.

ಆದರೆ ನಿಮ್ಮ ಆಮ್ನಿ ಎರಡು ಕಾರಣಕ್ಕೆ ಒಪ್ಪುವುದಿಲ್ಲ. ಎರಡೂ ಹಿಂಚಕ್ರಗಳಿಗೆ ಶಕ್ತಿ ಹಂಚುವ ಅದರ ಡಿಫರೆನ್ಶಿಯಲ್ ತಿರುವಿನಲ್ಲಿ ಶಕ್ತಿಯನ್ನೆಲ್ಲ ಹಗುರಾದ ಒಳಚಕ್ರಕ್ಕೆ ಬಿಟ್ಟುಕೊಡುತ್ತದೆ, ಅದೊಂದೇ ಗಿರ್ರೆಂದು ಸುತ್ತುತ್ತದೆ. ಡ್ರಿಫ್ಟ್ ಕಾರಿನಲ್ಲಿ ಎರಡೂ ಹಿಂಚಕ್ರ ಒಟ್ಟಿಗೇ ತಿರುಗುವಂತೆ ಬಿಗಿ ಮಾಡಿರುತ್ತಾರೆ. ಎರಡನೆಯದು, ಆಮ್ನಿ ಎತ್ತರ ಹೆಚ್ಚು, ಅಗಲ ಕಡಿಮೆ. ಜಾರುವ ಮೊದಲೇ ಮಗುಚುತ್ತದೆ.

ಆದ್ದರಿಂದ ಕಾರು ಬಿಡು, ಒಂದು ಅಡಿಕೆ ಹಾಳೆ ತೆಗೆದುಕೋ. ತಮ್ಮನನ್ನು ಎಳೆಯಲು ಹೇಳು. ಅಂಗಳದ ಮೂಲೆಯಲ್ಲಿ ಅವನು ತಿರುಗಿದಾಗ ನಿನ್ನ ಕಣ್ಣು ಎಲ್ಲಿ ನೋಡುತ್ತಿತ್ತು, ಮೈ ಯಾವ ಕಡೆ ವಾಲಿತು, ಒಣ ಅಂಗಳದಲ್ಲಿ ಹೇಗೆ, ಸಗಣಿ ಸಾರಿಸಿದ ಅಂಗಳದಲ್ಲಿ ಹೇಗೆ, ನಾಲ್ಕನ್ನೂ ಬರೆದು ಕಳಿಸು. ಮುಂದಿನ ತಿಂಗಳು ಅಚ್ಚು ಹಾಕಿಸುತ್ತೇನೆ. ಹಾಳೆ ಅಗಲವಾಗಿರಲಿ, ಚಡ್ಡಿ ಹಳೆಯದಿರಲಿ.